ಭತ್ತದ ತೊಟ್ಟಿಯಲ್ಲಿ ಹರಗೋಲ್ಸ್

ಕಳೆದ ತಿಂಗಳು ಕಣ್ಣು ತೋರಿಸಲು ಗಂಗಾವತಿಗೆ ಹೋಗಿದ್ದೆ. ಡಾಕ್ಟರು ಹತ್ತಕ್ಕೆ ಬರಹೇಳಿದ್ದರು. ನಾನು ಒಂಬತ್ತೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಡೆಯತೊಡಗಿದೆ. ದಾರಿಯಲ್ಲಿ ಒಂದು ಅಕ್ಕಿ ಮಿಲ್ಲಿನ ಗೋಡೆಯಾಚೆಯಿಂದ ಬಿಸಿನೀರಿನಲ್ಲಿ ನೆನೆಹಾಕಿದ ಭತ್ತದ ವಾಸನೆ ಬಂತು. ಹುಳಿಯಾದ, ಬೆಚ್ಚಗಿನ, ಒದ್ದೆ ಗೋಣಿಚೀಲದಂಥ ವಾಸನೆ. ಗಂಗಾವತಿಯವರಿಗೆ ಅದು ಗಮನಕ್ಕೂ ಬರುವುದಿಲ್ಲ. ನನಗೆ ಮಾತ್ರ ಆ ವಾಸನೆ ಬಂದರೆ ಇಂದಿಗೂ ಹಲ್ಲು ಬಿಗಿಯುತ್ತವೆ.

ಆಸ್ಪತ್ರೆಯ ಬೆಂಚಿನ ಮೇಲೆ ಹಳೇ ಪತ್ರಿಕೆಗಳ ಜೊತೆ ಒಂದು ಅಭಿನಂದನ ಗ್ರಂಥ ಬಿದ್ದಿತ್ತು. ಮುಖಪುಟದಲ್ಲಿ ಶಾಲು ಹೊದ್ದ ಚಂದ್ರಶೇಖರನ, ಅಂದರೆ ನಮ್ಮ ಚಂದ್ರುವಿನ, ಚಿತ್ರ. ತೆರೆದರೆ ಎರಡನೆಯ ಲೇಖನದಲ್ಲೇ ಹೀಗಿತ್ತು: ‘ಎಪ್ಪತ್ತರ ದಶಕದಲ್ಲಿಯೇ ಈ ಭಾಗದಲ್ಲಿ ರಾಕ್ ತಂಡ ಕಟ್ಟಿ, ತಮ್ಮ ಮಿಲ್ಲಿನ ಭತ್ತದ ತೊಟ್ಟಿಯನ್ನೇ ವಾದ್ಯವಾಗಿಸಿದ ಅಪೂರ್ವ ಪ್ರತಿಭೆ.’ ಬರೆದವರು ಯಾರೋ ಕಾಲೇಜು ಮೇಷ್ಟರು. ಅವರ ತಪ್ಪಲ್ಲ, ಅವರಿಗೆ ಚಂದ್ರು ಹೇಳಿದ್ದನ್ನು ಅವರು ಬರೆದಿದ್ದಾರೆ. ನನಗೀಗ ಎಪ್ಪತ್ತೆಂಟು. ತಪ್ಪಾಗಿ ನಿಂತ ಸಾಲನ್ನು ಸರಿಯಾಗಿ ನಿಲ್ಲಿಸುವುದು ನನ್ನ ಕಸುಬಾಗಿತ್ತು. ಇದನ್ನೂ ಸರಿಯಾಗಿ ನಿಲ್ಲಿಸುತ್ತೇನೆ.

ಅದು ತುರ್ತುಪರಿಸ್ಥಿತಿ ಮುಗಿದ ಮರುವರ್ಷ. ನಾನು ಸೈನ್ಯದ ಪಲ್ಟಣಿನ ಬ್ಯಾಂಡಿನಲ್ಲಿ ಏಳು ವರ್ಷ ಡ್ರಮ್ ಬಾರಿಸಿ ಊರಿಗೆ ಬಂದಿದ್ದೆ. ಗಂಗಾವತಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ್ ಕೆಲಸ. ನಮ್ಮ ಸ್ವಂತ ಊರು ಸಾಣಾಪುರ. ಅಲ್ಲಿ ಅಣ್ಣ ಹನುಮಪ್ಪ ಹೊಲ ನೋಡಿಕೊಂಡಿದ್ದ. ನಾನು, ಹೆಂಡತಿ ಶಾಂತವ್ವ, ವೀರಭದ್ರಪ್ಪ ಸೌಕಾರರ ಮಿಲ್ಲಿನ ಅಂಗಳದ ಸಾಲುಮನೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದೆವು.

ಪಲ್ಟಣಿನ ಅಭ್ಯಾಸ ಹೋಗಿರಲಿಲ್ಲ. ನಾಲ್ಕೂವರೆಗೆ ಏಳುವುದು, ವ್ಯಾಯಾಮ, ಸ್ನಾನ, ಐದರಿಂದ ಐದೂ ನಲವತ್ತರವರೆಗೆ ಡ್ರಮ್ಮಿನ ಅಭ್ಯಾಸ. ಒಂದು ತಿಂಗಳು ಯಾರೂ ಏನೂ ಅನ್ನಲಿಲ್ಲ. ಆಮೇಲೆ ಶಾಂತವ್ವ ಒಂದು ದಿನ ಕೊಡ ಕೆಳಗಿಟ್ಟು ಹೇಳಿದಳು.

“ನೋಡ್ರಿ, ಓಣಿ ಮಂದಿ ನಿಮ್ಮ ಮುಂದ ಬಾಯಿ ಬಿಡಾಕ ಅಂಜತಾರ. ನಳದ ಹತ್ರ ನನ್ನ ಹಿಡೀತಾರ. ಪಾರವ್ವನ ಕೂಸು ಮೂರ ದಿನದಿಂದ ನಿದ್ದಿ ಮಾಡಿಲ್ಲಂತ.”

“ಐದಕ್ಕ ಏಳೋದು ಕೂಸಿಗೂ ಛಲೋ.”

“ಹಂಗಂತ ನೀವ ಹೋಗಿ ಪಾರವ್ವಗ ಹೇಳ್ರಿ. ಇಲ್ಲಂದ್ರ ಆ ತೊಟ್ಟ್ಯಾಗರ ಇಳದು ಬಡಕೋರಿ.”

ತೊಟ್ಟಿ ಎಂದರೆ ಮಿಲ್ಲಿನವರು ಭತ್ತ ನೆನೆಹಾಕುವ ತೊಟ್ಟಿ. ಕುದಿಸಿದ ಅಕ್ಕಿಗೆ ಭತ್ತವನ್ನು ಮೊದಲು ಬಿಸಿನೀರಿನಲ್ಲಿ ನೆನೆಸಿ, ಆವಿ ಕೊಟ್ಟು, ಕಣದಲ್ಲಿ ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುತ್ತಾರೆ. ಸೌಕಾರರದು ಚಿಕ್ಕ ಮಿಲ್ಲು, ಒಂದೇ ತೊಟ್ಟಿ. ಎರಡಾಳು ಎತ್ತರ, ಬಾವಿಯಂತೆ ದುಂಡಗೆ, ಒಳಗೆಲ್ಲ ನುಣುಪು ಸಿಮೆಂಟು, ಇಳಿಯಲು ಕಬ್ಬಿಣದ ಏಣಿ. ಬೇಸಿಗೆ ಬೆಳೆಯ ಭತ್ತ ಮುಗಿದ ಮೇಲೆ ಮಳೆಗಾಲದ ಬೆಳೆ ಬರುವವರೆಗೆ, ಅಂದರೆ ಜೂನಿನಿಂದ ನವೆಂಬರಿನ ತನಕ, ಅದು ಖಾಲಿ ಇರುತ್ತಿತ್ತು.

ಹೆಂಡತಿ ಸಿಟ್ಟಿನಲ್ಲಿ ಹೇಳಿದ್ದನ್ನು ನಾನು ಆಜ್ಞೆಯೆಂದು ತಿಳಿದು ಮರುದಿನ ಐದಕ್ಕೆ ಇಳಿದೆ. ಮೊದಲ ಏಟು ಹಾಕಿದೆ. ಅದು ಗೋಡೆ ಸುತ್ತಿ ಬಂತು, ಮತ್ತೆ ಸುತ್ತಿತು, ಮೂರನೆಯ ಸಲ ನನ್ನ ತಲೆಯ ಮೇಲಿಂದ ಹೋಯಿತು. ಏಳು ವರ್ಷ ನನ್ನ ಡ್ರಮ್ಮಿನ ಸದ್ದು ನಲವತ್ತು ಜನರ ಸದ್ದಿನಲ್ಲಿ ಸೇರಿ ಹೋಗಿತ್ತು. ಯಾವುದು ನನ್ನದು ಎಂದು ನನಗೇ ಕೇಳುತ್ತಿರಲಿಲ್ಲ. ಆ ದಿನ ಅದು ನನ್ನ ಹತ್ತಿರ ತಿರುಗಿ ಬಂತು. ಶಾಲೆಗೆ ಹೋಗುವುದು ತಡವಾಗಲಿಲ್ಲ, ಆದರೆ ಬದುಕಿನಲ್ಲಿ ಮೊದಲ ಬಾರಿಗೆ ಐದೂ ನಲವತ್ತು ದಾಟಿ ಬಾರಿಸಿದೆ.

ನಾಲ್ಕನೆಯ ದಿನ ಮೇಲಿಂದ ಒಂದು ತಲೆ ಇಣುಕಿತು. ಹೆಗಲವರೆಗೆ ಕೂದಲು ಜೋತುಬಿದ್ದ ತಲೆ.

“ಮಾಸ್ತರ, ಏನ್ ಸಪ್ಪಳರೀ ಅದು?”

“ಪರೇಡಿನ ಏಟು.”

“ಪರೇಡ್ ಅತ್ಲಾಗಿಡ್ರಿ. ಇನ್ನೊಮ್ಮೆ ಹೊಡೀರಿ, ಸಾವಕಾಶ.”

ಅವನು ಸೌಕಾರರ ಮಗ ಚಂದ್ರು. ಬೆಂಗಳೂರಿನಲ್ಲಿ ಮೂರು ವರ್ಷ ಕಾಲೇಜಿಗೆ ಹೋಗಿ ಡಿಗ್ರಿ ಬಿಟ್ಟು ಉಳಿದೆಲ್ಲ ಕಲಿತು ಬಂದಿದ್ದ. ಸಾಣಾಪುರದ ಬಂಡೆಗಳ ನಡುವೆ ಆಗ ಬಿಳಿಯರು ತಿಂಗಳುಗಟ್ಟಲೆ ಬಂದು ಬೀಡುಬಿಡುತ್ತಿದ್ದರು. ಅವರಲ್ಲೊಬ್ಬ ತನ್ನ ದೇಶಕ್ಕೆ ಹೋಗುವಾಗ ಇವನಿಗೆ ಒಂದು ಕರೆಂಟಿನ ಗಿಟಾರು ಕೊಟ್ಟು ಹೋಗಿದ್ದ. ಅದನ್ನು ತಂದು ತೊಟ್ಟಿಯ ಅಂಚಿನಲ್ಲಿ ಕೂತು ಒಂದು ತಂತಿ ಮೀಟಿದ. ಕೆಳಗೆ ನಾನು ಏಟು ಹಾಕಿದೆ. ಅವನು ಮತ್ತೊಮ್ಮೆ ಮೀಟಿದ.

“ಇದಕ್ಕ ಸೈಕೆಡೆಲಿಕ್ ರಾಕ್ ಅಂತಾರ್ರಿ ಮಾಸ್ತರ,” ಅಂದ.

ಆ ಶಬ್ದ ನನ್ನ ನಾಲಿಗೆಗೆ ಹತ್ತಲು ಒಂದು ವಾರ ಬೇಕಾಯಿತು. ಹಾಗೆಂದರೆ ಏನು ಎಂದು ಕೇಳಿದ್ದಕ್ಕೆ, ಕೇಳುವವನು ಕಣ್ಣು ಮುಚ್ಚಿದರೆ ಬಣ್ಣ ಕಾಣಬೇಕು, ಹೊಳೆಯಲ್ಲಿ ಹರಗೋಲು ಗರಗರ ತಿರುಗಿದ ಹಾಗೆ ತಲೆ ತಿರುಗಬೇಕು ಎಂದ. ಹಾಗಾದರೆ ಹರಗೋಲು ಎಂದೇ ಹೆಸರಿಡು ಎಂದೆ. ಅವನು ಅದಕ್ಕೊಂದು ಇಂಗ್ಲಿಷ್ ಬಾಲ ಹಚ್ಚಿ ‘ದಿ ಹರಗೋಲ್ಸ್’ ಮಾಡಿದ.

ಇನ್ನಿಬ್ಬರು ಬಂದರು. ಒಬ್ಬ ಖಾಸೀಂ. ಮದುವೆ ಬ್ಯಾಂಡಿನಲ್ಲಿ ಬುಲ್‌ಬುಲ್ ತರಂಗ ಬಾರಿಸುವವನು. ಉದ್ದನೆಯ ಪೆಟ್ಟಿಗೆಯ ಮೇಲೆ ತಂತಿ, ತಂತಿಯ ಮೇಲೆ ಟೈಪ್‌ರೈಟರಿನ ಹಾಗೆ ಗುಂಡಿಗಳು. ತಂದೆಯಿಂದ ಬಂದ ವಾದ್ಯ. ನನಗಿಂತ ಎರಡು ವರ್ಷ ದೊಡ್ಡವನು, ಮೆದು ಮಾತಿನವನು. ಇನ್ನೊಬ್ಬ, ಕಾಲುವೆ ನೀರಿಗೆಂದು ವಲಸೆ ಬಂದು ಕ್ಯಾಂಪು ಕಟ್ಟಿಕೊಂಡ ತೆಲುಗರ ಪೈಕಿ ಸುಬ್ಬರಾವ್, ಮೈಕ್‌ಸೆಟ್ ಅಂಗಡಿಯವನು. ಖಾಸೀಮನ ಪೆಟ್ಟಿಗೆಗೆ ಅವನು ಹಳೇ ಟೆಲಿಫೋನಿನ ಮೈಕು ಅಂಟಿಸಿದ. ಬುಲ್‌ಬುಲ್ಲಿನ ಸದ್ದು ತೊಟ್ಟಿಯೊಳಗೆ ಹೊಕ್ಕು ಹೊರಗೆ ಬಂದಾಗ ಅದು ಯಾವ ದೇಶದ ವಾದ್ಯ ಎಂದು ಯಾರೂ ಹೇಳುವಂತಿರಲಿಲ್ಲ.

ದಿನಾ ಸಂಜೆ ಐದೂವರೆಯಿಂದ ಏಳರ ತನಕ ಅಭ್ಯಾಸ. ನಾನು ಹಾಜರಿ ಕರೆಯುತ್ತಿದ್ದೆ.

“ಮಾಸ್ಟರುಗಾರು, ರಾಕ್ ಬ್ಯಾಂಡಿಗೆ ಹಾಜರಿ ಯಾಕ್ರಿ?” ಸುಬ್ಬರಾವ್ ಕೇಳಿದ.

“ಹಾಜರಿ ಇಲ್ಲದ್ದಕ್ಕ ಬ್ಯಾಂಡ್ ಅನ್ನೂದಿಲ್ಲ, ಸಂತಿ ಅಂತಾರ.”

“ಚಂದ್ರುಗಾರು ಇವತ್ತೂ ಅರ್ಧ ತಾಸು ಲೇಟು.”

“ಅವನ ಹೆಸರ ಮುಂದ ಸೊನ್ನಿ ಹಾಕೇನಿ.”

ತೊಟ್ಟಿಯ ಗುಟ್ಟನ್ನು ಹಿಡಿದವನು ನಾನು. ಎಲ್ಲರ ವಾದ್ಯದ ಸದ್ದನ್ನೂ ತಂತಿಯ ಮೂಲಕ ತೊಟ್ಟಿಯ ತಳದಲ್ಲಿಟ್ಟ ಸ್ಪೀಕರಿಗೆ ಕಳಿಸಿ, ಒಳಗೆ ಸುತ್ತಿದ ಸದ್ದನ್ನು ಇನ್ನೊಂದು ಮೈಕಿನಿಂದ ಹಿಡಿದು ಹೊರಗಿನ ಹಾರ್ನುಗಳಿಗೆ ಕೊಡಬೇಕು. ಆ ಮೈಕು ತಳದಿಂದ ಮೂರು ಮೊಳ ಎತ್ತರದಲ್ಲಿದ್ದರೆ ಸದ್ದು ಎರಡು ಸಲ ಮರಳುತ್ತದೆ, ಐದು ಮೊಳದಲ್ಲಿದ್ದರೆ ಮೂರು ಸಲ, ಗೋಡೆಗೆ ತಾಗಿಸಿದರೆ ಬರೀ ಗುಂಯ್. ಇಪ್ಪತ್ತು ದಿನ ಹಗ್ಗಕ್ಕೆ ಗಂಟು ಹಾಕಿ ಅಳೆದು, ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು, ಪ್ರತಿ ಹಾಡಿಗೆ ಯಾವ ಗೆರೆ ಎಂದು ಗುರುತು ಮಾಡಿದ್ದೆ. ಮಳೆ ಬಂದು ತೊಟ್ಟಿಯಲ್ಲಿ ನೀರು ನಿಂತ ದಿನ ಬಕೀಟಿನಲ್ಲಿ ಎತ್ತಿ ಹಾಕಿ ಗೋಣಿಚೀಲದಿಂದ ಒರೆಸುತ್ತಿದ್ದವರು ನಾನು ಮತ್ತು ಖಾಸೀಂ. ಚಂದ್ರು ಮೇಲೆ ಕೂತು ಸಿಗರೇಟು ಸೇದುತ್ತ, “ಆತೇನ್ರಿ?” ಅನ್ನುತ್ತಿದ್ದ. ಸಿಗರೇಟಿನೊಳಗೆ ಏನಿರುತ್ತಿತ್ತು ಎಂಬುದು ಅದರ ಹೊಗೆಯಿಂದಲೇ ತಿಳಿಯುತ್ತಿತ್ತು.

ಆಗಸ್ಟಿನಲ್ಲಿ, ಮಳೆ ಬಿಡುವು ಕೊಟ್ಟ ಒಂದು ಸಂಜೆ, ಮಿಲ್ಲಿನ ಕಣದಲ್ಲಿ ಮೊದಲ ಕಾರ್ಯಕ್ರಮ. ಕಾಲೇಜು ಹುಡುಗರು, ಹಮಾಲರು, ಕ್ಯಾಂಪಿನವರು, ಸಾಣಾಪುರದಿಂದ ಬಂದ ಹತ್ತಾರು ಬಿಳಿಯರು. ಚಂದ್ರು ಕೆಂಪು ಅಂಗಿ ತೊಟ್ಟು ನಡುವೆ, ಖಾಸೀಂ ಅವನ ಬಲಕ್ಕೆ ಕುರ್ಚಿಯ ಮೇಲೆ. ನಾನು ತೊಟ್ಟಿಯೊಳಗೆ. ಡ್ರಮ್ಮು ತಳದಲ್ಲೇ ಇರಬೇಕಿತ್ತು, ಆದ್ದರಿಂದ ನಾನೂ ಅಲ್ಲೇ. ಜನರ ಚಪ್ಪಾಳೆ ನನಗೆ ಮೇಲಿಂದ ಸುರಿಯುವ ಮಳೆಯಂತೆ ಕೇಳುತ್ತಿತ್ತು. ಯಾರ ಮುಖವೂ ಕಾಣುತ್ತಿರಲಿಲ್ಲ, ನನ್ನದೂ ಯಾರಿಗೂ ಕಾಣುತ್ತಿರಲಿಲ್ಲ. ಖಾಸೀಂ ತನ್ನ ತಂದೆ ಕಟ್ಟಿದ್ದ ಒಂದು ಧಾಟಿಯನ್ನು ಆ ಸಂಜೆ ನುಡಿಸಿದ. ಅದರ ಕೆಳಗೆ ನಾನು ಒಂದೇ ಏಟನ್ನು ಮೆಲ್ಲಗೆ ಹಾಕುತ್ತ ಹೋದೆ. ಅಷ್ಟು ಒಳ್ಳೆಯದನ್ನು ನಾನು ಮತ್ತೆಂದೂ ಬಾರಿಸಿಲ್ಲ.

ಕುಷ್ಟಗಿಯವರು ಕರೆದರೆಂದು ಅಲ್ಲಿಗೂ ಹೋದೆವು. ತೊಟ್ಟಿಯನ್ನು ಹೊತ್ತುಕೊಂಡು ಹೋಗಲು ಬರುವುದಿಲ್ಲವಲ್ಲ. ಬಯಲಲ್ಲಿ, ಒಣಗಾಳಿಯಲ್ಲಿ, ನಾಲ್ಕು ಜನ ನಾಲ್ಕು ದಿಕ್ಕಿಗೆ ಬಾರಿಸಿದಂತಾಯಿತು. ಹಿಂದಿನ ಸಾಲಿನಿಂದ ಒಬ್ಬ ಕೂಗಿದ, “ಬ್ಯಾಂಡ್ ಬಂತು, ಮದಿಮಗ ಎಲ್ಲಿ ಅದಾನೋ?” ಇಡೀ ಬಯಲು ನಕ್ಕಿತು. ಮರಳುವಾಗ ಲಾರಿಯಲ್ಲಿ ಚಂದ್ರು ಗಿಟಾರಿಗೆ ಗೋಣಿಚೀಲ ಮುಚ್ಚಿ ಅದಕ್ಕೆ ಬೆನ್ನು ಮಾಡಿ ಕೂತ. ತೊಟ್ಟಿ ಇಲ್ಲದೆ ತಾನು ಏನೂ ಅಲ್ಲ ಎಂದು ಅವನಿಗೆ ಆ ದಿನ ಗೊತ್ತಾಯಿತು. ಮುಂದಿನದೆಲ್ಲ ಹುಟ್ಟಿದ್ದು ಅಲ್ಲಿಂದ.

ಸೆಪ್ಟೆಂಬರ್ ಕೊನೆಗೆ ಮಿಲ್ಲಿನಲ್ಲಿ ಇನ್ನೊಂದು ಕಾರ್ಯಕ್ರಮ. ಆಗ ಚಂದ್ರುವಿನ ಬೆಂಗಳೂರು ಗೆಳೆಯ ಒಬ್ಬ ಬಂದಿದ್ದ. ಅವನ ಸಂಬಂಧಿಕರೊಬ್ಬರು ಹುಬ್ಬಳ್ಳಿಯಲ್ಲಿ ಹಾಡುಗಳ ರಿಕಾರ್ಡು ಮಾಡಿಸುವವರು. ಕಾರ್ಯಕ್ರಮ ಮುಗಿದು ಜನ ಚದುರುತ್ತಿದ್ದರು. ನಾನು ಕೆಳಗೆ ಡ್ರಮ್ಮಿನ ಪಟ್ಟಿ ಸಡಿಲಿಸುತ್ತಿದ್ದೆ. ಹೊರಗಿನ ಹಾರ್ನುಗಳನ್ನು ಆರಿಸಿದ್ದ ಸುಬ್ಬರಾವ್ ಚಂದ್ರುವಿನ ಮುಂದಿನ ಮೈಕನ್ನು ಇನ್ನೂ ಆರಿಸಿರಲಿಲ್ಲ. ತಳದ ಸ್ಪೀಕರಿನಲ್ಲಿ ಮೇಲಿನ ಮಾತು ಸ್ಪಷ್ಟವಾಗಿ ಕೇಳತೊಡಗಿತು.

ಗೆಳೆಯ ಕೇಳಿದ, “ಈ ಎಕೋ ಐಡಿಯಾ ಯಾರದ್ದಪ್ಪ?”

“ನಂದ,” ಅಂದ ಚಂದ್ರು.

ನಂದ, ನಂದ, ನಂದ ಎಂದಿತು ತೊಟ್ಟಿ.

“ಡ್ರಮ್ಸ್ ಯಾರು?”

“ನಮ್ಮ ಮಿಲ್ಲಿನ್ಯಾಗ ಒಬ್ಬ ಅದಾನ. ಹೇಳಿದಂಗ ಬಡೀತಾನ.”

ಬಡೀತಾನ, ಬಡೀತಾನ, ಬಡೀತಾನ.

ನಾನು ಏಣಿ ಹತ್ತಿ ಮೇಲೆ ಬಂದೆ. ಮೈತುಂಬ ಹೊಟ್ಟಿನ ಧೂಳು. ಆ ಬೆಂಗಳೂರಿನವನು ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ನಾನು ದನಿ ಎತ್ತಲಿಲ್ಲ.

“ತೊಟ್ಟಿ ಕಂಡುಹಿಡಿದವ ನಾನು. ಗೋಡಿ ಮ್ಯಾಲಿನ ಗೆರಿ ನನ್ನವು. ನಾಲ್ಕು ದಿನ ಆದ ಮ್ಯಾಲೆ ಇವ ಬಂದಾನ. ಚಂದ್ರು, ಹೌದೋ ಅಲ್ಲೋ ಹೇಳು.”

ಚಂದ್ರು ನಕ್ಕು ಗೆಳೆಯನ ಹೆಗಲ ಮೇಲೆ ಕೈ ಹಾಕಿದ. “ನಮ್ಮ ಡ್ರಿಲ್ ಮಾಸ್ತರ್ರು. ಭಾಳ ಸ್ಟ್ರಿಕ್ಟ್ ಮನುಷ್ಯಾರು,” ಅಂದ. ಅಷ್ಟೇ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಇಬ್ಬರೂ ಸೌಕಾರರ ಮನೆಗೆ ಊಟಕ್ಕೆ ಹೋದರು. ಖಾಸೀಂ ತಲೆ ತಗ್ಗಿಸಿ ತನ್ನ ವಾದ್ಯಕ್ಕೆ ಬಟ್ಟೆ ಸುತ್ತುತ್ತಿದ್ದ.

ಹತ್ತು ದಿನಕ್ಕೆ ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. ನಮ್ಮ ಸಂಸ್ಥೆಯ ಇನ್ನೊಂದು ಶಾಲೆ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿತ್ತು, ಕಡಲಿನ ಮಂಗಳೂರಲ್ಲ. ಅಲ್ಲಿಗೆ ವರ್ಗ, ಎರಡು ದಿನದಲ್ಲಿ ಹಾಜರಾಗಬೇಕು. ಸೌಕಾರರು ಸಂಸ್ಥೆಯ ಕಮಿಟಿಯಲ್ಲಿದ್ದರು.

“ಏನು ತಪ್ಪು ಮಾಡೇನ್ರಿ ಸರ್?”

ಹೆಡ್‌ಮಾಸ್ತರರು ಬಾಗಿಲು ಮುಂದೆ ಮಾಡಿ ಒಂದು ಅರ್ಜಿಯನ್ನು ನನ್ನ ಕಡೆ ಸರಿಸಿದರು. ಡ್ರಿಲ್ ಮಾಸ್ತರ್ ಬೆಳಗಾಗುವ ಮೊದಲೇ ಡ್ರಮ್ ಬಡಿದು ಓಣಿಗೆ ಉಪದ್ರವ ಕೊಡುತ್ತಾನೆ, ಸಾಣಾಪುರದ ಗಾಂಜಾ ಸೇದುವ ಬಿಳಿಯರ ಸಹವಾಸ ಮಾಡುತ್ತಾನೆ, ವಿದ್ಯಾರ್ಥಿಗಳ ಮೇಲೆ ಕೆಟ್ಟ ಪರಿಣಾಮ ಆಗುತ್ತದೆ. ಕೆಳಗೆ ‘ನೊಂದ ಪಾಲಕರು’ ಎಂದಿತ್ತು. ಆ ಕೈಬರಹ ನನಗೆ ಗೊತ್ತಿತ್ತು. ನಮ್ಮ ಹಾಡುಗಳನ್ನೆಲ್ಲ ಬರೆದದ್ದು ಅದೇ ಕೈ, ಚಂದ್ರುವಿನದು. ಹೊತ್ತು ಮೀರಿ ಚಹಾ ಕೂಡ ಕುಡಿಯದ ನನ್ನ ಮೇಲೆ ಗಾಂಜಾದ ಅರ್ಜಿ.

“ಓದಿಲ್ಲ ಅಂದ್ಕೋರಿ,” ಅಂದರು ಹೆಡ್‌ಮಾಸ್ತರರು. “ನಂದೂ ನೌಕರಿ ಐತಿ.”

ನಾವು ಸಾಮಾನು ಕಟ್ಟಿ ಬಸ್ಸಿಗೆ ನಿಂತಾಗ ಚಂದ್ರು ಹೂವಿನ ಹಾರ ತಂದ. ಜನರೆದುರು ನನ್ನ ಕೊರಳಿಗೆ ಹಾಕಿ, ಕಣ್ಣು ಒರೆಸಿಕೊಂಡು, “ಅಪ್ಪಾಜಿ ನನ್ನ ಮಾತ ಕೇಳಲಿಲ್ರಿ ಮಾಸ್ತರ,” ಅಂದ. ನಾನು ಹಾರವನ್ನು ಬಸ್ಸು ಹೊರಡುವ ತನಕ ಕೊರಳಲ್ಲೇ ಇಟ್ಟುಕೊಂಡಿದ್ದೆ. ಶಾಂತವ್ವ ಕೇಳಿದಳು, “ಅದನ್ನ ತಗದು ಒಗೀಬಾರದೇನ್ರಿ?” ಎಸೆಯುವುದಕ್ಕೆ ಅವಸರವಿಲ್ಲ ಎಂದೆ.

ಮಂಗಳೂರು ಕರಿಮಣ್ಣಿನ ಊರು. ಕಣ್ಣು ಹಾಯುವ ತನಕ ಜೋಳ. ಕಾಲುವೆಯಿಲ್ಲ, ಮಿಲ್ಲಿಲ್ಲ. ಗಾಳಿ ಬಿಟ್ಟರೆ ಸದ್ದಿಲ್ಲ. ಬೆಳಿಗ್ಗೆ ಐದಕ್ಕೆ ಊರ ಹೊರಗೆ ನಿಂತು ಡ್ರಮ್ ಬಾರಿಸಿದರೆ ಏಟು ಹೋದದ್ದು ಹೋದಂತೆ, ಒಂದೂ ಮರಳುತ್ತಿರಲಿಲ್ಲ. ಗಂಗಾವತಿಯಲ್ಲಿ ನನ್ನ ಗೆರೆಗಳು ಗೋಡೆಯ ಮೇಲೇ ಇದ್ದವು. ಅವುಗಳ ಅಳತೆಗೆ ಮೈಕು ಇಳಿಬಿಟ್ಟು, ಹೊಸಪೇಟೆಯ ಆರ್ಕೆಸ್ಟ್ರಾದಿಂದ ಕರೆತಂದ ಒಬ್ಬನನ್ನು ನನ್ನ ಜಾಗದಲ್ಲಿ ಕೂರಿಸಿದ್ದಾರೆ ಎಂಬ ಸುದ್ದಿ ಬಂತು. ಆ ತಿಂಗಳು ನಾನು ಹುಡುಗರಿಗೆ ಡ್ರಿಲ್ ಸ್ವಲ್ಪ ಹೆಚ್ಚೇ ಮಾಡಿಸಿದೆ.

ನವೆಂಬರ್ ಮೊದಲ ವಾರ ಖಾಸೀಂ ನನ್ನನ್ನು ಹುಡುಕಿಕೊಂಡು ಬಂದ. ಎರಡು ಬಸ್ಸು ಬದಲಿಸಿ, ಶಾಂತವ್ವನಿಗೆಂದು ಪೇರಲಹಣ್ಣು ಕಟ್ಟಿಸಿಕೊಂಡು. ಮುಖ ಅರಳಿತ್ತು.

“ಮಾಸ್ತರ, ಬರೂ ಮಂಗಳವಾರ ಹುಬ್ಬಳ್ಳಿ ಸಾಹೇಬ್ರು ಮಷೀನ್ ತಗೊಂಡು ಮಿಲ್ಲಿಗೆ ಬರ್ತಾರ. ಮುಂಜಾನಿ ಒಂಬತ್ತಕ್ಕ ತೊಟ್ಟ್ಯಾಗ ರಿಕಾರ್ಡಿಂಗು ಶುರು. ಒಂದ ದಿನ ಅಷ್ಟ, ಸಂಜಿಮುಂದ ರೈಲಿಗೆ ಹೊಂಟಬಿಡ್ತಾರ.”

“ಯಾವ್ಯಾವ ಹಾಡು?”

“ಚಂದ್ರೂಂದು ಮೂರು. ಒಂದು ನಮ್ಮ ಅಬ್ಬಾಂದು. ನಾ ಅದೊಂದ ಕೇಳಿಕೊಂಡೆ. ಅಬ್ಬಾ ನಲವತ್ತು ವರ್ಷ ಮಂದಿ ಮದಿವಿ ಮೆರವಣಗ್ಯಾಗ ನಿಂತು ನುಡಿಸಿದ. ಉಣ್ಣಾಕ ಹೊರಗ ಕೂಡಸ್ತಿದ್ರು. ಅವಂದೊಂದು ರಿಕಾರ್ಡ್ ಪ್ಲೇಟಿನ ಮ್ಯಾಲೆ ಬಂದ್ರ ನನಗ ಮತ್ತೇನೂ ಬ್ಯಾಡ.” ಅವನು ಹಣ್ಣಿನ ಗಂಟು ಕೆಳಗಿಟ್ಟು ಹೇಳಿದ, “ನೀವೂ ಬರ್ರಿ. ಚಂದ್ರು ಏನರ ಅನ್ಲಿ. ತೊಟ್ಟಿ ನಿಮ್ಮದು, ನನಗ ಗೊತ್ತೈತಿ.”

“ಬರ್ತೀನಿ,” ಅಂದೆ.

ಅವನು ಸಂತೋಷದಿಂದ ಮೂರು ರೊಟ್ಟಿ ತಿಂದು, ಶಾಂತವ್ವನ ಬದನೆಕಾಯಿ ಪಲ್ಯವನ್ನು ಹೊಗಳಿ, ಎರಡು ಗಂಟೆಯ ಬಸ್ಸು ಹತ್ತಿ ಹೋದ. ನಾನು ಎರಡೂ ಹತ್ತಕ್ಕೆ ರಜೆಯ ಅರ್ಜಿ ಬರೆದೆ.

ಮಿಲ್ಲಿನ ಸೌಕಾರರಲ್ಲಿ ಒಂದು ಪದ್ಧತಿಯಿತ್ತು. ಮಳೆಗಾಲದ ಬೆಳೆಯ ಮೊದಲ ಗಾಡಿ ಯಾರದಿರಲಿ, ಯಾವ ಹೊತ್ತಿಗೆ ಬರಲಿ, ಅದನ್ನು ಬಾಗಿಲಲ್ಲಿ ಕಾಯಿಸುವಂತಿಲ್ಲ. ಸೌಕಾರರೇ ಎದ್ದು ಬಂದು ಎತ್ತಿನ ಕಾಲಿಗೆ ನೀರು ಹಾಕಿ, ಕಾಯಿ ಒಡೆದು, ಮೊದಲ ಚೀಲವನ್ನು ತಮ್ಮ ಕೈಯಿಂದ ತೊಟ್ಟಿಗೆ ಸುರಿಯಬೇಕು. ಸುರಿದ ಮೇಲೆ ಬಿಸಿನೀರು ಬಿಡಬೇಕು. ಅದನ್ನು ಅರ್ಧಕ್ಕೆ ತೆಗೆಯಲು ಬರುವುದಿಲ್ಲ, ಭತ್ತ ಕೊಳೆಯುತ್ತದೆ. ಮೊದಲ ಗಾಡಿ ನಿಂತರೆ ಆ ವರ್ಷ ಮಿಲ್ಲು ನಿಲ್ಲುತ್ತದೆ ಎಂದು ವೀರಭದ್ರಪ್ಪ ಸೌಕಾರರು ನಂಬಿದ್ದರು. ಮಗ ಬೆಂಗಳೂರಿಗೆ ಹೋಗಿ ಬಂದವನು, ಇದೆಲ್ಲ ಅವನ ತಲೆಯಲ್ಲಿರಲಿಲ್ಲ. ಗಾಡಿಗಳು ಬರಲು ಇನ್ನೂ ಒಂದು ವಾರ ಇದೆ ಎಂದು ಲೆಕ್ಕ ಹಾಕಿ ಮಂಗಳವಾರ ಗೊತ್ತು ಮಾಡಿದ್ದ.

ಶನಿವಾರ ಸಾಣಾಪುರಕ್ಕೆ ಹೋದೆ. ಅಣ್ಣನ ಕಾಲುವೆ ಬದಿಯ ಗದ್ದೆ ಎಲ್ಲರದಕ್ಕಿಂತ ಮೊದಲು ಹಣ್ಣಾಗುತ್ತಿತ್ತು.

“ಅಣ್ಣಾ, ನಾಳೆ ಕೊಯ್ಯೂಣು.”

“ಹುಚ್ಚು ಹಿಡದೈತೇನೋ? ಇನ್ನ ಐದಾರು ದಿನ ಬೇಕು. ಹಸಿ ಐತಿ.”

“ತೊಟ್ಟಿಗೆ ಹೋಗೂದಕ್ಕ ಹಸಿ ಆದ್ರೇನು, ಒಣಾ ಆದ್ರೇನು?”

ಹನುಮಪ್ಪ ನನ್ನ ಮುಖ ನೋಡಿದ. “ಯಾರ ಮ್ಯಾಲೆ ಸಿಟ್ಟು?” ಅಂದ. ಅಣ್ಣಂದಿರಿಗೆ ಸುಳ್ಳು ಹೇಳುವುದು ಕಷ್ಟ. ಹೇಳಿದೆ. ಅವನು ಎಲೆಯಡಿಕೆ ಜಗಿಯುತ್ತ ಕೇಳಿ, “ಎತ್ತು ನಂದು, ಭತ್ತ ನಂದು, ಜಗಳ ನಿಂದು. ಇರ್ಲಿ,” ಎಂದು ಕುಡುಗೋಲು ಹುಡುಕಿದ.

ಭಾನುವಾರ ಕೊಯ್ದು ಸೋಮವಾರ ಬಡಿದು ತೂರಿದೆವು. ಮಂಗಳವಾರ ಬೆಳಿಗ್ಗೆ ನಾಲ್ಕೂವರೆಗೆ ಹದಿನೈದು ಚೀಲ ಹೇರಿ ಗಾಡಿ ಹೂಡಿದೆವು. ಬಂಡೆಗಳ ನಡುವಿನ ದಾರಿ, ಕಾಲುವೆಯ ಮೇಲೆ ತೆಳು ಮಂಜು. ಎತ್ತುಗಳ ನಡಿಗೆಯನ್ನು ನಾನು ಗಡಿಯಾರದಲ್ಲಿ ಅಳೆಯುತ್ತಿದ್ದೆ. ಒಂದು ಕಡೆ ಹತ್ತು ನಿಮಿಷ ಮುಂದಾದೆವೆಂದು ಗಾಡಿ ನಿಲ್ಲಿಸಿ ಎತ್ತುಗಳಿಗೆ ನೀರು ಕುಡಿಸಿದೆ. ಸಾಹೇಬರು ಬಂದು ಮಷೀನು ಬಿಚ್ಚಿ ತಂತಿ ಜೋಡಿಸಿರಬೇಕು, ಆದರೆ ಶುರುಮಾಡಿರಬಾರದು. ಒಂಬತ್ತು ಬಡಿಯುವಾಗ ನಮ್ಮ ಗಾಡಿ ಮಿಲ್ಲಿನ ಬಾಗಿಲಲ್ಲಿತ್ತು.

ಕಣದಲ್ಲಿ ಜೀಪು ನಿಂತಿತ್ತು. ಕೋಟು ಹಾಕಿದ ಹುಬ್ಬಳ್ಳಿಯವರು ದೊಡ್ಡ ಟೇಪಿನ ಮಷೀನಿನ ಮುಂದೆ ಕೂತಿದ್ದರು. ಚಂದ್ರು ಆ ದಿನವೂ ಕೆಂಪು ಅಂಗಿ ಹಾಕಿದ್ದ. ನನ್ನನ್ನು ನೋಡಿ ಮೊದಲು ನಗಲು ಹೊರಟ. ಆಮೇಲೆ ಗಾಡಿ ನೋಡಿದ.

ಹಮಾಲರು ಆಗಲೇ, “ಮೊದಲ ಗಾಡಿ ಬಂತ್ರೀ ಸೌಕಾರ,” ಎಂದು ಒಳಗೆ ಓಡಿದ್ದರು. ವೀರಭದ್ರಪ್ಪ ಸೌಕಾರರು ಪೂಜೆಯ ಮಡಿಯಲ್ಲೇ ತಂಬಿಗೆ ಹಿಡಿದು ಬಂದರು.

“ಏನ್ ಮಾಸ್ತರ, ನೀವ ತಂದ್ರೇನು? ಭಾಳ ಛಲೋ ಆತು. ಈ ಸಲ ಒಂದು ವಾರ ಮೊದಲ ಬಂದಾಳ ಲಕ್ಷ್ಮಿ.”

“ಹೌದ್ರಿ. ತಡಾ ಆದ್ರ ಹಸಿ ಭತ್ತ ಕಾವು ಹಿಡೀತೈತ್ರಿ.”

ಚಂದ್ರು ತಂದೆಯ ಕೈ ಹಿಡಿದ. “ಅಪ್ಪಾಜಿ, ಎರಡ ತಾಸು. ಎರಡ ತಾಸು ನಿಂದ್ರಸ್ರಿ. ಇವ ಬೇಕಂತ ತಂದಾನ.”

“ಭತ್ತ ಬೇಕಂತನ ತರ್ತಾರೋ. ಬ್ಯಾಡಂತ ಯಾರರ ತರ್ತಾರೇನು?”

“ಅಪ್ಪಾಜಿ, ಸಾಹೇಬ್ರು ಹುಬ್ಬಳ್ಳಿಯಿಂದ ಬಂದಾರ.”

“ಲಕ್ಷ್ಮೀನ ಬಾಗಲದಾಗ ನಿಂದ್ರಿಸಿ ನಿನ್ನ ಪೀಪಿ ಕೇಳ್ಲೇನು? ಸರಿ ಅತ್ಲಾಗ.”

ಕಾಯಿ ಒಡೆಯಿತು. ಚಂದ್ರು ನನ್ನ ಹತ್ತಿರ ಬಂದ. “ಮಾಸ್ತರ, ನಾ ತಪ್ಪ ಮಾಡೇನಿ. ಸಾಹೇಬ್ರ ಮುಂದ ನಿಮ್ಮ ಹೆಸರ ಹೇಳ್ತೀನಿ. ಗಾಡಿ ಒಂಚೂರು ಹಿಂದಕ್ಕ ತಗೋರಿ.”

“ನಾ, ಹೇಳಿದಂಗ ಬಡಿಯಾಂವ,” ಅಂದೆ. “ಹಿಂದಕ್ಕ ತಗೊಳ್ಳಾಕ ನನಗ ಯಾರೂ ಹೇಳಿಲ್ಲ.”

ಆ ಮಾತನ್ನು ನಾನು ಬಂಡೆಗಳ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಹೇಳಿದಾಗ ಅವನ ಮುಖ ಹೇಗಾಯಿತು ಎಂಬುದನ್ನು ನೆನೆದರೆ ನನಗೆ ಇಂದಿಗೂ ಒಳ್ಳೆಯ ಹಸಿವೆಯಾಗುತ್ತದೆ.

ಸೌಕಾರರು ಚೀಲದ ಬಾಯಿ ಬಿಚ್ಚಿಸಿದರು. “ಒಳಗ ಯಾರರ ಅದೀರೇನೋ? ಮ್ಯಾಲೆ ಬರ್ರಿ,” ಎಂದು ಹಮಾಲ ಕೂಗಿದ. ಸುಬ್ಬರಾವ್ ತಳದ ಸ್ಪೀಕರು, ಮೈಕು, ಡ್ರಮ್ಮುಗಳನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡ. ಏಣಿ ಹತ್ತಿ ಮೊದಲು ಹೊಸಪೇಟೆಯ ಡ್ರಮ್ಮಿನವನು ಬಂದ. ಅವನ ಹಿಂದೆ ಖಾಸೀಂ. ತನ್ನ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಎದೆಗೆ ಅವುಚಿಕೊಂಡು, ಇನ್ನೊಂದು ಕೈಯಿಂದ ಏಣಿ ಹಿಡಿದು ಮೆಲ್ಲಗೆ ಬಂದ. ಅಂದು ಹೊಸ ಬಿಳೀ ಅಂಗಿ ಹಾಕಿದ್ದ. ಸುಣ್ಣದ ಗೆರೆ ಭುಜಕ್ಕೆ ಹತ್ತಿತ್ತು. ನನ್ನನ್ನು ನೋಡಿ ಅವನ ಮುಖ ಮೊದಲು ಅರಳಿತು, ‘ಬಂದ್ರಿ’ ಅನ್ನುವ ಹಾಗೆ. ಆಮೇಲೆ ಗಾಡಿ, ಚೀಲ, ಸೌಕಾರರ ಕೈ, ಎಲ್ಲವನ್ನೂ ಒಂದೊಂದಾಗಿ ನೋಡಿದ. ಭತ್ತ ತೊಟ್ಟಿಗೆ ಬಿದ್ದ ಸದ್ದು ಮೂರು ಸಲ ಮರಳಿತು. ಎರಡನೆಯ ಚೀಲಕ್ಕೆ ಮರಳುವುದು ಕಡಿಮೆಯಾಯಿತು. ನಾಲ್ಕನೆಯದಕ್ಕೆ ಸದ್ದೇ ಇಲ್ಲ.

ಹುಬ್ಬಳ್ಳಿಯವರು ಸಭ್ಯರು. ಬಂದದ್ದಕ್ಕೆ ಕಣದಲ್ಲೇ ಕೂತು ಎರಡು ಹಾಡು ಕೇಳಿದರು. ಚಂದ್ರುವಿನ ಬೆರಳು ತಂತಿಯ ಮೇಲೆ ನಿಲ್ಲುತ್ತಿರಲಿಲ್ಲ. ಖಾಸೀಂ ತನ್ನ ಧಾಟಿ ಶುರುಮಾಡಿ ಎರಡು ನಿಮಿಷ ಆಗಿರಬಹುದು, ಸಾಹೇಬರು ಕೈ ಎತ್ತಿದರು. “ಛಲೋ ಐತಿ. ಆದ್ರ ಇದು ಮದಿವಿ ಬ್ಯಾಂಡ್ ಆತಲ್ರಿ. ನಮಗ ಆ ತೊಟ್ಟೀದು ಬೇಕಾಗಿತ್ತು.” ಹನ್ನೊಂದಕ್ಕೆ ಮಷೀನು ಕಟ್ಟಿದರು. ಮತ್ತೆ ಬರಲಿಲ್ಲ.

ಒಂದು ತಿಂಗಳೊಳಗೆ ದಿ ಹರಗೋಲ್ಸ್ ಮುಗಿಯಿತು. ಹೊಸಪೇಟೆಯವನು ಹಿಂದೆ ಹೋದ. ಸುಬ್ಬರಾವ್ ಸಿನಿಮಾ ಟಾಕೀಸಿನ ಸೌಂಡು ನೋಡಿಕೊಳ್ಳತೊಡಗಿದ. ಸಂಕ್ರಾಂತಿಯ ಹೊತ್ತಿಗೆ ಚಂದ್ರುವಿನ ಕೂದಲು ಕತ್ತರಿಸಿ ಮಿಲ್ಲಿನ ಲೆಕ್ಕದ ಗಾದಿಯ ಮೇಲೆ ಕೂರಿಸಿದರು. ರಜೆಯಲ್ಲಿ ಗಂಗಾವತಿಗೆ ಹೋದಾಗಲೆಲ್ಲ ನಾನು ಆ ಮಿಲ್ಲಿನ ಮುಂದೆ ಸುಮ್ಮನೆ ಒಮ್ಮೆ ನಡೆದು ಹೋಗುತ್ತಿದ್ದೆ, ಅವನು ತಕ್ಕಡಿಯ ಪಕ್ಕದಲ್ಲಿ ಹೊಟ್ಟಿನ ಧೂಳು ಹೊದ್ದು ನಿಂತಿರುವುದನ್ನು ನೋಡಲು. ಅವನು ತಲೆ ತಗ್ಗಿಸುತ್ತಿದ್ದ. ನಾನು ತಗ್ಗಿಸಲಿಲ್ಲ. ಈಗ ಅಭಿನಂದನ ಗ್ರಂಥದಲ್ಲಿ ತಲೆ ಎತ್ತಿದ್ದಾನೆ, ಅದಕ್ಕೇ ಇಷ್ಟು ಬರೆದದ್ದು. ಓದಿದವರು ಆ ಲೇಖನದ ಪಕ್ಕದಲ್ಲಿ ಇದನ್ನು ಇಟ್ಟುಕೊಳ್ಳಲಿ.

ಖಾಸೀಮನ ವಿಷಯ ಬರೆಯದೆ ಬಿಡಬಹುದಿತ್ತು. ಆ ಗ್ರಂಥದಲ್ಲಿ ಅವನ ಹೆಸರೂ ಇಲ್ಲ. ಮರುವರ್ಷ ತಳಕಲ್ಲು ಎಂಬ ಊರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಮೆರವಣಿಗೆಯಲ್ಲಿ ಅವನು ಬುಲ್‌ಬುಲ್ ನುಡಿಸುತ್ತ ಬಂದ. ಊಟಕ್ಕೆ ಬ್ಯಾಂಡಿನವರನ್ನು ಹೊರಗೆ, ಬೇವಿನ ಮರದ ಕೆಳಗೆ ಕೂರಿಸಿದ್ದರು. ನಾನು ನನ್ನ ಎಲೆ ಬಿಟ್ಟು ಎದ್ದು ಹೋಗಿ ಅವನ ಪಕ್ಕ ಕೂತೆ.

“ಅರಾಮಿದ್ದೀಯೇನು ಖಾಸೀಂ?”

“ಅದೀನ್ರಿ ಮಾಸ್ತರ.” ಅನ್ನ ಕಲಸಿದ. “ಒಂದ ಮಾತ ಕೇಳ್ಲೇನ್ರಿ? ನಿಮ್ಮ ಸಿಟ್ಟು ಚಂದ್ರೂನ ಮ್ಯಾಲೆ ಇತ್ತು. ಮಂಗಳವಾರ ಒಂಬತ್ತಕ್ಕ ಅಂತ ನಿಮಗ ಹೇಳಿದಾಂವ ನಾನು. ಪೇರಲಹಣ್ಣ ತಗೊಂಡು ಬಂದು ಹೇಳಿದ್ನೆಲ್ರಿ.”

ಅವನು ಕೈ ತೊಳೆದು, ಪೆಟ್ಟಿಗೆ ಎತ್ತಿಕೊಂಡು, ಮುಂದಿನ ಊರಿನ ಗಾಡಿ ಹತ್ತಿದ. ಅವನು ತೀರಿಕೊಂಡು ಈಗ ಹದಿನೈದು ವರ್ಷ. ಅವನ ತಂದೆಯ ಧಾಟಿ ಅರ್ಧ ನನಗೆ ನೆನಪಿದೆ, ಉಳಿದರ್ಧ ಯಾರಿಗೂ ನೆನಪಿಲ್ಲ.

ಆ ಮಂಗಳವಾರವನ್ನು ನಾನು ತಲೆಯಲ್ಲಿ ಎಷ್ಟೋ ಸಲ ಮತ್ತೆ ನಡೆಸಿ ನೋಡಿದ್ದೇನೆ. ಗಾಡಿ ಹೂಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಇಂದು ಹೇಳಿದರೆ ಇಂದೇ ಹೂಡುತ್ತೇನೆ. ಆದರೆ ಹುಬ್ಬಳ್ಳಿಯವರನ್ನು ಒಪ್ಪಿಸಿ ನಿನ್ನ ಹಾಡನ್ನೇ ಮೊದಲು ರಿಕಾರ್ಡು ಮಾಡಿಸು ಎಂದು ಖಾಸೀಮನಿಗೆ ಒಂದು ಚೀಟಿ ಬರೆದರೆ ಸಾಕಿತ್ತು. ಬಂಡೆಗಳ ದಾರಿಯಲ್ಲಿ ಎತ್ತುಗಳಿಗೆ ಇನ್ನೊಂದು ತಾಸು ನೀರು ಕುಡಿಸಿ, ಮೇಯಲು ಬಿಟ್ಟು, ಹತ್ತಕ್ಕೆ ಬಾಗಿಲಿಗೆ ಬಂದಿದ್ದರೂ ಚಂದ್ರುವಿಗೆ ಆಗಬೇಕಾದ್ದು ಆಗುತ್ತಿತ್ತು. ನಾನು ಅಂದು ಒಂದು ನಿಮಿಷವೂ ತಡಮಾಡಿರಲಿಲ್ಲ.